ಚಿಕಿತ್ಸೆಯ ನಡುವಿನ ದುಡಿಮೆ

(ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಲದ ಸಭೆಯಲ್ಲಿ ಮಾತನಾಡಬೇಕೆಂದು ಕೇಳುವಾಗ ಕಾರ್ಯದರ್ಶಿಗಳು ವಿಷಯವನ್ನು ನನಗೇ ಬಿಟ್ಟಿದ್ದರು. ಕಣಿವೆಯ ಒಂಬತ್ತು ಒರತೆಗಳ ನೀರಿನ ಲೆಕ್ಕವನ್ನು ಎಂದಿನಂತೆ ಓದಿ ಹೇಳುವೆನೆಂದು ಅವರು ತಿಳಿದಿದ್ದಿರಬೇಕು. ಆ ಲೆಕ್ಕಕ್ಕೆ ಖಂಡಿತ ಬರುತ್ತೇನೆ. ಆದರೆ ಈ ವರ್ಷ ಬೇರೆ ದಾರಿಯಿಂದ ಬರಬೇಕಾಗಿದೆ. ಸುತ್ತುದಾರಿಯಾಯಿತೆಂದು ಬೇಸರಿಸಬಾರದು.

ನನ್ನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷಗಳು ಕಳೆದಿವೆ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಲಘುವಾಗಿ ಪರಿಗಣಿಸಿದ್ದರ ಫಲವದು. ಬೇರೆ ಯಾರನ್ನೂ ದೂರುವಂತಿಲ್ಲ. ಮಂಗಳವಾರ ಮತ್ತು ಶುಕ್ರವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ತಾಸು ಯಂತ್ರಕ್ಕೆ ಕೈಕೊಟ್ಟು ಮಲಗುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತು. ಮೊದಲ ವರ್ಷ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗದಂತೆ ನಾನೇ ನೋಡಿಕೊಂಡಿದ್ದೆ. ಇಂದಿನ ಮಾತಿನ ತಿರುಳು ಅಲ್ಲಿಯೇ ಇದೆ. ಅದನ್ನು ಹೇಳುವ ಮೊದಲು, ನಮ್ಮಂಥವರ ಕೆಲಸಕ್ಕೆ ದಾರಿ ತೋರಿದ ಒಬ್ಬ ಹೆಂಗಸಿನ ಕಥೆಯನ್ನು ನೆನಪಿಸಿಕೊಳ್ಳಬೇಕೆನಿಸುತ್ತದೆ.

ರೇಚಲ್ ಕಾರ್ಸನ್ ಅವರ ಹೆಸರನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. 1962ರಲ್ಲಿ ಪ್ರಕಟವಾದ 'ಸೈಲೆಂಟ್ ಸ್ಪ್ರಿಂಗ್' ಕೃತಿಯಿಂದ ಡಿ.ಡಿ.ಟಿ. ಮುಂತಾದ ಕೀಟನಾಶಕಗಳ ನಿಜರೂಪವನ್ನು ಜಗತ್ತಿನ ಮುಂದಿಟ್ಟವರು ಎಂದು ನಾವೆಲ್ಲ ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಆ ಪುಸ್ತಕ ಎಂಥ ದೇಹಸ್ಥಿತಿಯಲ್ಲಿ ಬರೆಯಲ್ಪಟ್ಟಿತು ಎಂಬುದನ್ನು ಮಾತ್ರ ನಾವು ಹೇಳುವುದಿಲ್ಲ. ನನಗೂ ಅದು ತಿಳಿದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವರ ಜೀವನಚರಿತ್ರೆಯನ್ನು ಓದುವಾಗಲೇ. ಡಯಾಲಿಸಿಸ್‌ನಿಂದ ಆದ ಒಂದು ಲಾಭವೆಂದರೆ ವಾರಕ್ಕೆ ಎಂಟು ತಾಸು ಓದು.

ಅವರು ಅಮೆರಿಕದ ಸರ್ಕಾರಿ ಮೀನುಗಾರಿಕೆ ಹಾಗೂ ವನ್ಯಜೀವಿ ಇಲಾಖೆಯಲ್ಲಿದ್ದ ಜೀವಶಾಸ್ತ್ರಜ್ಞೆ. ಸಮುದ್ರವನ್ನು ಕುರಿತು 1951ರಲ್ಲಿ ಬರೆದ ಪುಸ್ತಕ ಜನಪ್ರಿಯವಾದಾಗ ಮರುವರ್ಷವೇ ನೌಕರಿ ಬಿಟ್ಟು ಬರವಣಿಗೆಗೆ ನಿಂತರು. 1957ರಲ್ಲಿ ಅಕ್ಕನ ಮಗಳು ತೀರಿಕೊಂಡಾಗ ಅವಳ ಐದು ವರ್ಷದ ಮಗ ರೋಜರನನ್ನು ದತ್ತು ತೆಗೆದುಕೊಂಡರು. ಮದುವೆಯಾಗದ, ಐವತ್ತರ ಹೆಂಗಸು. ಮನೆಯಲ್ಲಿ ವೃದ್ಧೆ ತಾಯಿ, ಎಳೆಯ ಹುಡುಗ. 1958ರ ಜನವರಿಯಲ್ಲಿ ಮೆಸಾಚುಸೆಟ್ಸ್ ರಾಜ್ಯದ ಗೆಳತಿಯೊಬ್ಬರಿಂದ ಒಂದು ಪತ್ರ ಬಂತು. ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಡಿ.ಡಿ.ಟಿ. ಸಿಂಪಡಿಸಿದ ಬಳಿಕ ತಮ್ಮ ಜಾಗದಲ್ಲಿ ಹಕ್ಕಿಗಳು ಸತ್ತುಬಿದ್ದ ಸಂಗತಿ ಅದರಲ್ಲಿತ್ತು. ಅಲ್ಲಿಂದ ಹೊಸ ಪುಸ್ತಕದ ಕೆಲಸಕ್ಕೆ ಚಾಲನೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತಾಯಿಯೂ ತೀರಿಕೊಂಡರು.

1960ರ ಆರಂಭದಲ್ಲಿ ಕರುಳಿನ ಹುಣ್ಣು, ಅದರ ಬೆನ್ನಿಗೇ ನ್ಯುಮೋನಿಯಾ. ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ಎಡಸ್ತನವನ್ನು ತೆಗೆಯಬೇಕಾಯಿತು. ಇದು ಕ್ಯಾನ್ಸರೇ ಎಂದು ಅವರು ನೇರವಾಗಿ ಕೇಳಿದಾಗಲೂ ವೈದ್ಯರು ನಿಜವನ್ನು ಹೇಳಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಇಂಥ ಸುದ್ದಿಯನ್ನು ಹೇಳದಿರುವುದೇ ರೂಢಿಯಾಗಿತ್ತು. ಹೀಗಾಗಿ ಮುಂದಿನ ಚಿಕಿತ್ಸೆಯೂ ನಡೆಯಲಿಲ್ಲ. ಡಿಸೆಂಬರಿನಲ್ಲಿ ಇನ್ನೊಂದು ಗಂಟು ಕಂಡಾಗ ಕ್ಲೀವ್‌ಲ್ಯಾಂಡಿನ ವೈದ್ಯ ಜಾರ್ಜ್ ಕ್ರೈಲ್ ಅವರ ಬಳಿಗೆ ಹೋದರು. ರೋಗ ಹರಡಿದೆ ಎಂಬುದನ್ನು ಬಿಚ್ಚಿ ಹೇಳಿದವರು ಅವರು. ಎಂಟು ತಿಂಗಳು ಕೈಜಾರಿದ್ದವು. ದಾಖಲೆಗಳನ್ನು ಜರಡಿ ಹಿಡಿದು ಸತ್ಯವನ್ನು ಹುಡುಕುವುದನ್ನೇ ಕಸುಬಾಗಿಸಿಕೊಂಡಿದ್ದವರಿಗೆ ತಮ್ಮ ದೇಹದ ಸತ್ಯವೇ ಎಂಟು ತಿಂಗಳು ಸಿಗಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಬಳಿಕ ವಿಕಿರಣ ಚಿಕಿತ್ಸೆ ಶುರುವಾಯಿತು. 1961ರ ಜನವರಿಯಲ್ಲಿ ಸೋಂಕು ತಗುಲಿ ಮೊಣಕಾಲು, ಹರಡುಗಳು ಬಾತುಕೊಂಡು ವಾರಗಟ್ಟಲೆ ನಡೆಯಲಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ, ಪುಸ್ತಕ ಮುಗಿಯುವ ಹಂತಕ್ಕೆ ಬಂದಾಗ, ಕಣ್ಣಿನ ಪಾಪೆಯ ಉರಿಯೂತ ಬಂದು ಓದುವುದೇ ಅಸಾಧ್ಯವಾಯಿತು. ಸಹಾಯಕಿ ಜೀನ್ ಡೇವಿಸ್ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇವರು ಕೇಳಿ ತಿದ್ದಿಸುತ್ತಿದ್ದರು. 1962ರ ಜೂನ್ ತಿಂಗಳಲ್ಲಿ 'ನ್ಯೂಯಾರ್ಕರ್' ಪತ್ರಿಕೆಯ ಮೂರು ಸಂಚಿಕೆಗಳಲ್ಲಿ ಅದರ ಭಾಗಗಳು ಬಂದವು. ಸೆಪ್ಟೆಂಬರ್ 27ರಂದು ಪುಸ್ತಕ ಹೊರಬಂತು. ಕೊನೆಯಲ್ಲಿ ಆಧಾರಗಳ ಪಟ್ಟಿಯೇ ಐವತ್ತಕ್ಕೂ ಹೆಚ್ಚು ಪುಟ. ಈ ಪುಟಗಳ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ನನ್ನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ತಮ್ಮ ಕಾಯಿಲೆಯನ್ನು ಅವರು ಹೊರಗೆ ತಿಳಿಯಗೊಡಲಿಲ್ಲ. ತೀರ ಆಪ್ತರ ಹೊರತು ಯಾರಿಗೂ ಗೊತ್ತಿರಲಿಲ್ಲ. ಕಾರಣ ಸ್ಪಷ್ಟವಿತ್ತು. ರಾಸಾಯನಿಕಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅವರು ಪುಸ್ತಕದಲ್ಲಿ ಚರ್ಚಿಸಿದ್ದರು. ಲೇಖಕಿಗೇ ಕ್ಯಾನ್ಸರ್ ಎಂದು ತಿಳಿದರೆ, ಇದು ವಿಜ್ಞಾನವಲ್ಲ, ಒಬ್ಬ ರೋಗಿಯ ಸಂಕಟ ಎಂದು ಕಂಪೆನಿಗಳು ತಳ್ಳಿಹಾಕುತ್ತಿದ್ದವು. 1963ರ ಏಪ್ರಿಲ್ 3ರಂದು ದೂರದರ್ಶನದಲ್ಲಿ ಅವರ ಸಂದರ್ಶನ ಬಿತ್ತರವಾದಾಗ ಕುರ್ಚಿಯಲ್ಲಿ ಕುಳಿತು ಶಾಂತವಾಗಿ ಮಾತನಾಡಿದ ಆ ಹೆಂಗಸಿಗೆ ಎಷ್ಟು ನೋವಿತ್ತೆಂದು ನೋಡಿದವರಿಗೆ ತಿಳಿಯಲಿಲ್ಲ. ಜೂನ್ 4ರಂದು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಭಾಷಣಕ್ಕೆ ಹೋದಾಗ ಊರುಗೋಲು ಬೇಕಾಗಿತ್ತು. ಕೇಳಿದವರಿಗೆ ಸಂಧಿವಾತ ಎಂದರು. ಬಹುಕಾಲದಿಂದ ನೋಡಬೇಕೆಂದಿದ್ದ ಮ್ಯೂರ್ ವುಡ್ಸ್ ಎಂಬ ಮಹಾವೃಕ್ಷಗಳ ಕಾಡನ್ನು ಗಾಲಿಕುರ್ಚಿಯಲ್ಲಿ ಕುಳಿತು ನೋಡಿ ಬಂದರು. 1964ರ ಏಪ್ರಿಲ್ 14ರಂದು ತೀರಿಕೊಂಡಾಗ ವಯಸ್ಸು 56.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಕೈಮುಗಿಯುತ್ತಾರೆ. ನಾನೂ ಮುಗಿದೆ. ಆದರೆ ಕೈಮುಗಿದು ಅಲ್ಲಿಗೇ ಬಿಡುವುದು ಅಪಾಯಕರವೆಂದು ನನ್ನ ಅನುಭವ ಹೇಳುತ್ತದೆ. ಕಾಯಿಲೆ ಬಂದರೂ ಬಗ್ಗದೆ ದುಡಿದರು ಎಂಬ ಹೊಗಳಿಕೆ ಕಾಯಿಲೆಯವರ ಕಿವಿಗೆ ಬೇರೆ ರೀತಿಯಲ್ಲಿ ಕೇಳಿಸುತ್ತದೆ. ನೀನೂ ಬಗ್ಗಕೂಡದು, ಬಗ್ಗಿದರೆ ನಿನ್ನ ನಿಷ್ಠೆ ಅಷ್ಟೇ ಎಂದಂತಾಗುತ್ತದೆ. ನನಗೆ ಹಾಗೆಯೇ ಕೇಳಿಸಿತು.

ಇಲ್ಲಿ ಇನ್ನೊಂದು ಊರಿನ ಸಂಗತಿಯನ್ನು ಹೇಳದಿರಲಾರೆ. ಕಾರ್ಸನ್ ಅವರ ಶಸ್ತ್ರಚಿಕಿತ್ಸೆಗೆ ಕೆಲವೇ ವಾರ ಮೊದಲು, 1960ರ ಮಾರ್ಚ್ 9ರಂದು, ಅಮೆರಿಕದ ಇನ್ನೊಂದು ತುದಿಯ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರಕೆಲಸಗಾರನ ಕೈಗೆ ಟೆಫ್ಲಾನ್ ನಳಿಕೆಯೊಂದನ್ನು ಜೋಡಿಸಿದರು. ಡಯಾಲಿಸಿಸ್ ಯಂತ್ರ ಅದಕ್ಕೂ ಮೊದಲೇ ಇತ್ತು. ಹಾಲೆಂಡಿನಲ್ಲಿ ಕೋಲ್ಫ್ ಎಂಬವರು ಮಹಾಯುದ್ಧದ ನಡುವೆಯೇ ಅದನ್ನು ರೂಪಿಸಿದ್ದರು. ಆದರೆ ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗುತ್ತಿದ್ದರಿಂದ ವರ್ಷಗಟ್ಟಲೆ ನಡೆಸುವುದು ಸಾಧ್ಯವಿರಲಿಲ್ಲ. ಆ ನಳಿಕೆಯಿಂದ ಅದು ಸಾಧ್ಯವಾಯಿತು. ಶೀಲ್ಡ್ಸ್ ಮತ್ತೆ ಹನ್ನೊಂದು ವರ್ಷ ಬದುಕಿದರು. ನನ್ನ ಎಡಗೈಯಲ್ಲಿ ಇರುವುದು ನಳಿಕೆಯಲ್ಲ, ಫಿಸ್ತುಲಾ. ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿಯುವ ಈ ವಿಧಾನ 1966ರಲ್ಲಿ ಬೆಳಕಿಗೆ ಬಂತು. ಮುಟ್ಟಿ ನೋಡಿದರೆ ಹಳ್ಳದ ನೀರು ಕಲ್ಲಿನ ಸಂದಿಯಲ್ಲಿ ಹರಿದಂತೆ ಒಳಗೆ ಗುಡುಗುಡಿಸುತ್ತದೆ. ಮಕ್ಕಳಿಗೆ ಬೇಕಾದರೆ ಸಭೆ ಮುಗಿದ ಮೇಲೆ ಮುಟ್ಟಿ ನೋಡಬಹುದು.

ಸಿಯಾಟಲ್‌ನಲ್ಲಿ ಯಂತ್ರಗಳು ಕೆಲವೇ ಇದ್ದವು, ಕಾಯುವವರು ಬಹಳ. ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಲು ಏಳು ಜನ ನಾಗರಿಕರ ಸಮಿತಿಯೊಂದನ್ನು ನೇಮಿಸಿದರು. 1962ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆ ಈ ಸಮಿತಿಯ ಬಗೆಗೆ ಬರೆದಾಗ ಜನ ಬೆಚ್ಚಿದರು. ರೋಗಿಯ ಆದಾಯವೆಷ್ಟು, ಉದ್ಯೋಗವೇನು, ವಿದ್ಯೆಯೆಷ್ಟು, ಮುಂದೆ ಸಮಾಜಕ್ಕೆ ಏನು ಉಪಯೋಗ ಎಂಬುದನ್ನೆಲ್ಲ ಅವರು ತೂಗುತ್ತಿದ್ದರು. ಎಂದರೆ ದುಡಿಯಬಲ್ಲವನಿಗೆ ಬದುಕು, ಇಲ್ಲದವನಿಗೆ ಇಲ್ಲ. 1972ರಲ್ಲಿ ಆ ದೇಶ ಡಯಾಲಿಸಿಸ್ ವೆಚ್ಚವನ್ನು ಸರ್ಕಾರವೇ ಭರಿಸುವ ಶಾಸನ ಮಾಡಿದ ಮೇಲೆ ಅಂಥ ಆಯ್ಕೆಯ ಅಗತ್ಯ ಉಳಿಯಲಿಲ್ಲ. ಡಿ.ಡಿ.ಟಿ.ಯನ್ನು ಬೆಳೆಗಳಿಗೆ ಬಳಸುವುದನ್ನು ಅಲ್ಲಿ ನಿಷೇಧಿಸಿದ್ದೂ ಅದೇ ವರ್ಷ. ನಮ್ಮಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದದ್ದು 2016ರಲ್ಲಿ. ಅದಕ್ಕಿಂತ ಹತ್ತು ವರ್ಷ ಮೊದಲು ಈ ರೋಗ ಬಂದಿದ್ದರೆ ತೋಟ ಮಾರಬೇಕಾಗುತ್ತಿತ್ತು, ಅಥವಾ ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಅಂಥ ಸಮಿತಿಯಿಲ್ಲ. ಆದರೆ ಮನಸ್ಸಿನೊಳಗೊಂದು ಸಮಿತಿ ಕುಳಿತೇ ಇರುತ್ತದೆ. ವಾರ ವಾರವೂ ಅದು ಕೇಳುತ್ತದೆ: ನೀನು ಇನ್ನೂ ಏನಾದರೂ ಕೆಲಸಕ್ಕೆ ಬರುತ್ತೀಯಾ?

ಈ ಪ್ರಶ್ನೆಗೆ ಹೌದು ಎನ್ನುವ ಆತುರದಲ್ಲಿ ನಾನು ಮಾಡಿದ ತಪ್ಪನ್ನು ಈಗ ಹೇಳುತ್ತೇನೆ.

ನಮ್ಮ ಅಳತೆಯ ಕ್ರಮ ನಿಮಗೆಲ್ಲ ಗೊತ್ತು. ಪ್ರತಿ ಬುಧವಾರ ಒಂಬತ್ತು ಒರತೆಗಳಿಗೂ ಹೋಗಿ, ದಬ್ಬೆಯ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಸುಮಾರು ಆರು ಮೈಲಿ ನಡಿಗೆ, ಎರಡು ಏರು. ಡಯಾಲಿಸಿಸ್ ಆರಂಭವಾದ ವರ್ಷದ ಆಷಾಢ, ಶ್ರಾವಣ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಂಗಳವಾರ ಯಂತ್ರದಿಂದ ಇಳಿದು ಬಂದರೆ ಬುಧವಾರ ಮಧ್ಯಾಹ್ನದವರೆಗೆ ದೇಹ ನನ್ನದಲ್ಲ. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಬುಧವಾರ ಮೇಲಿನ ಕೇರಿಯ ಒರತೆಯ ಹತ್ತಿರ ತಲೆ ತಿರುಗಿ ಬಿದ್ದೆ. ಕಂಬಳಿಕೊಪ್ಪೆಯ ಮೇಲೆ ಮಳೆ ಸುರಿಯುತ್ತಿರುವಂತೆಯೇ ಎಷ್ಟೋ ಹೊತ್ತು ಅಲ್ಲಿಯೇ ಕುಳಿತು, ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಮನೆಗೆ ಮರಳಿದೆ. ಮನೆಯವಳಿಗೂ ಹೇಳಲಿಲ್ಲ. ಮುಂದಿನ ಆರು ವಾರ ನಾನು ಒರತೆಗಳ ಕಡೆ ಹೋಗಲಿಲ್ಲ. ಹಿಂದಿನ ವರ್ಷಗಳ ಪುಸ್ತಕ ಎದುರಿಗಿಟ್ಟುಕೊಂಡು, ಜಗುಲಿಯಲ್ಲಿ ಕುಳಿತು, ಅಂದಾಜಿನಿಂದ ಅಂಕಿಗಳನ್ನು ತುಂಬಿದೆ. ಆರು ವಾರ, ಒಂಬತ್ತು ಒರತೆ, 54 ಅಂಕಿಗಳು. ಅವುಗಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡಿಲ್ಲ.

ಮರುವರ್ಷ ಆ ಪುಸ್ತಕದಿಂದ ನಕ್ಷೆ ಎಳೆಯುತ್ತಿದ್ದ ನಮ್ಮ ಬಳಗದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಮಾವ, ಈ ಆರು ವಾರ ಜೋರು ಮಳೆ ಬಿದ್ದ ವಾರಕ್ಕೂ ಬೀಳದ ವಾರಕ್ಕೂ ವ್ಯತ್ಯಾಸವೇ ಕಾಣ್ತಿಲ್ಲವಲ್ಲ?" ಆ ವರ್ಷ ಒರತೆ ಸ್ಥಿರವಾಗಿತ್ತು ಎಂದುಬಿಟ್ಟೆ. ಅವಳು ನಂಬಿದಳು, ಅಥವಾ ಹಿರಿಯನೆಂದು ಸುಮ್ಮನಾದಳು. ಅವಳು ಈಗ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ತಂಗೀ, ನಿನ್ನ ಕಣ್ಣು ಸರಿಯಾಗಿತ್ತು, ನನ್ನ ಉತ್ತರ ಸುಳ್ಳಾಗಿತ್ತು.

ಕಾರ್ಸನ್ ಕಾಯಿಲೆಯನ್ನು ಮುಚ್ಚಿಟ್ಟರು, ನಾನೂ ಮುಚ್ಚಿಟ್ಟೆ. ವ್ಯತ್ಯಾಸ ಎಲ್ಲಿದೆಯೆಂದರೆ ಅವರು ಆಧಾರವಿಲ್ಲದ ಒಂದು ಸಾಲನ್ನೂ ಬರೆಯಬಾರದೆಂದು ಹಟ ಹಿಡಿದಿದ್ದರು. ಆಗದಿದ್ದಾಗ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡಿದರು, ಕಣ್ಣು ಕಾಣದಿದ್ದಾಗ ಇನ್ನೊಬ್ಬರ ಕಣ್ಣನ್ನು ಎರವಲು ಪಡೆದರು. ಹೊರಗಿನವರಿಗೆ ಮುಚ್ಚಿಟ್ಟರೂ ಕೆಲಸದಲ್ಲಿ ಜೊತೆಗಿದ್ದವರಿಗೆ ಮುಚ್ಚಿಡಲಿಲ್ಲ. ನಾನು ಮಾಡಿದ್ದು ಇದರ ತದ್ವಿರುದ್ಧ. ನಿಮ್ಮಿಂದಲೇ ಮುಚ್ಚಿಟ್ಟೆ, ಕೆಲಸ ನಿಲ್ಲಲಿಲ್ಲವೆಂದು ತೋರಿಸಲು ಕೆಲಸವನ್ನೇ ಕೆಡಿಸಿದೆ. ಆ ಪುಸ್ತಕದ ಅಂಕಿಗಳನ್ನು ನಾವು ಕಳೆದ ವರ್ಷ ಸಲ್ಲಿಸಿದ ಮನವಿಗೆ ಲಗತ್ತಿಸಿದ್ದೇವೆ. 54 ಅಂಕಿ ಕಟ್ಟುಕಥೆ ಎಂದು ಎದುರಿನವರು ತಾವಾಗಿಯೇ ಕಂಡುಹಿಡಿದರೆ ಉಳಿದ ಹನ್ನೊಂದು ವರ್ಷದ ಅಳತೆಗೂ ಬೆಲೆಯಿಲ್ಲವಾಗುತ್ತದೆ. ಆದುದರಿಂದ ಆ ಪುಟಗಳನ್ನು ಹೊಡೆದುಹಾಕಿ, ಕಾರಣವನ್ನು ಬರೆದು, ಮನವಿ ಸ್ವೀಕರಿಸಿದ ಕಚೇರಿಗೆ ತಿದ್ದುಪಡಿ ಪತ್ರ ಕಳುಹಿಸಬೇಕೆಂದು ಈ ಸಭೆಯನ್ನು ಕೇಳಿಕೊಳ್ಳುತ್ತೇನೆ. ಪತ್ರಕ್ಕೆ ನನ್ನ ಸಹಿ ಇರಲಿ. ಕರಡು ತಂದಿದ್ದೇನೆ.

ಇನ್ನು ಮುಂದಿನ ವ್ಯವಸ್ಥೆಯ ಮಾತು.

ನಮ್ಮ ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಹಾಸಿಗೆಯವನು ಒಬ್ಬ ಕೊನೆಗೌಡ. ಇಪ್ಪತ್ತೆಂಟು ವರ್ಷ ಅಡಿಕೆ ಮರ ಹತ್ತಿದವನು. ಮಳೆಗಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಔಷಧಿ ಹೊಡೆದು ಕೊಳೆಯಿಂದ ಎಷ್ಟೋ ತೋಟಗಳನ್ನು ಕಾಪಾಡಿದವನು. ಫಿಸ್ತುಲಾ ಇರುವ ಕೈಗೆ ಭಾರ ಬೀಳಕೂಡದು, ಬಿಗಿಯಾಗಿ ಏನನ್ನೂ ಕಟ್ಟಕೂಡದು. ಮರ ಹತ್ತುವ ಮಾತೇ ಇಲ್ಲ. ಅಡಿಕೆ ಸುಲಿಯಲು ಕೂರೋಣವೆಂದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಮೈಯಲ್ಲಿರುವಷ್ಟು ಹೊತ್ತು ಮೆಟ್ಟುಗತ್ತಿಯ ಗಾಯ ಬೇಗ ನಿಲ್ಲುವುದಿಲ್ಲ. ನಾನು ಕೆಲಸ ಬಿಡಬೇಕೋ ಬೇಡವೋ ಎಂದು ಅವನೊಡನೆ ತೋಡಿಕೊಂಡಾಗ ಅವನು ಹೇಳಿದ: "ಹೆಗಡೇರೆ, ನಿಮ್ಮದು ಕೆಲಸ ಬಿಡಬೇಕೋ ಬೇಡವೋ ಅನ್ನೋ ಚಿಂತೆ. ನಂದು ಕೆಲಸ ಕೊಡೋರು ಯಾರು ಅನ್ನೋ ಚಿಂತೆ." ನಾನು ಅಷ್ಟು ದಿನ ಬೆಳೆಸಿಕೊಂಡಿದ್ದ ತಾತ್ವಿಕ ಸಂಕಟಗಳೆಲ್ಲ ಆ ಮಾತಿಗೆ ಮುದುಡಿಹೋದವು. ಯಂತ್ರ ಪುಕ್ಕಟೆ, ಆದರೆ ಬಸ್ಸಿನ ಖರ್ಚು, ವಾರಕ್ಕೆ ಎರಡು ದಿನದ ಕೂಲಿನಷ್ಟ ಯಾವ ಯೋಜನೆಯ ಲೆಕ್ಕದಲ್ಲಿಯೂ ಬರುವುದಿಲ್ಲ.

ಒರತೆಗಳ ದಾರಿ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ವಯಸ್ಸು ಕಡಿಮೆ, ಡಯಾಲಿಸಿಸ್ ಮರುದಿನ ನನ್ನಷ್ಟು ಕುಸಿಯುವುದಿಲ್ಲ. ಕಳೆದ ನಾಲ್ಕು ತಿಂಗಳಿಂದ ದೂರದ ಐದು ಒರತೆಗಳನ್ನು ಅವನು ಅಳೆಯುತ್ತಿದ್ದಾನೆ, ಹತ್ತಿರದ ನಾಲ್ಕನ್ನು ನಾನು. ಬುಧವಾರದ ಬದಲು ಗುರುವಾರ ಅಳೆಯುವುದೆಂದು ಇಬ್ಬರೂ ನಿಶ್ಚಯಿಸಿದೆವು. ಇಷ್ಟು ಸರಳವಾದ ಬದಲಾವಣೆ ಮೂರು ವರ್ಷದ ಹಿಂದೆ ನನಗೆ ಹೊಳೆಯಲಿಲ್ಲ. ಬುಧವಾರವೆಂದರೆ ಬುಧವಾರ ಎಂಬ ಹಟ. ಖಾಲಿ ಬಿಟ್ಟ ಮನೆಯನ್ನು ಖಾಲಿಯಾಗಿಯೇ ಬಿಡಬೇಕು, ಅಡ್ಡಗೆರೆ ಎಳೆದು 'ಅಳೆದಿಲ್ಲ' ಎಂದು ಬರೆಯಬೇಕು ಎಂಬುದೂ ಈಗ ನಮ್ಮ ನಿಯಮ. ಈ ನಾಲ್ಕು ತಿಂಗಳಲ್ಲಿ ಅಂಥ ಅಡ್ಡಗೆರೆ ಏಳು ಸಲ ಬಂದಿದೆ, ಅದರಲ್ಲಿ ಐದು ನನ್ನವು. ಅವನಿಗೆ ಬಳಗದಿಂದ ದಿನಗೂಲಿ ಕೊಡಬೇಕೆಂಬುದು ನನ್ನ ಎರಡನೆಯ ಕೋರಿಕೆ. ಸ್ವಯಂಸೇವೆ ಎಂಬ ಮಾತನ್ನು ದಯವಿಟ್ಟು ಯಾರೂ ಎತ್ತಬಾರದು. ಹಾಗೆನ್ನಲು ಅಡಿಕೆ ತೋಟವಿರುವ ನನ್ನಂಥವನಿಗೆ ಮಾತ್ರ ಅನುಕೂಲವಿದೆ.

ನೀರಿನ ಲೆಕ್ಕಕ್ಕೆ ಬರುತ್ತೇನೆ ಎಂದಿದ್ದೆ. ಒಂದು ಸಲದ ಡಯಾಲಿಸಿಸ್‌ಗೆ ನನ್ನ ರಕ್ತದ ಪಕ್ಕದಲ್ಲಿ ಸುಮಾರು 120 ಲೀಟರ್ ದ್ರಾವಣ ಹರಿಯುತ್ತದೆ: ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ತಾಸು. ಅಷ್ಟು ಶುದ್ಧ ನೀರನ್ನು ತೆಗೆಯುವಾಗ ಹೊರಗೆ ಹೋಗುವ ನೀರು ಬೇರೆ. ನಮ್ಮ ಕೆಳಗಿನ ಒರತೆ ಈ ವರ್ಷದ ಮೇ ಕೊನೆಯ ವಾರ ಹತ್ತು ಲೀಟರಿಗೆ ಎರಡು ನಿಮಿಷ ತೆಗೆದುಕೊಂಡಿತು. ಅಂದರೆ ನನ್ನ ಒಂದು ದಿನದ ಚಿಕಿತ್ಸೆಗೆ ಆ ಒರತೆ 24 ನಿಮಿಷ ಹರಿಯಬೇಕು. ನನಗೆ ಕುಡಿಯಲು ಇರುವ ಅನುಮತಿಯೋ, ದಿನಕ್ಕೆ ಮುಕ್ಕಾಲು ಲೀಟರ್; ಅನ್ನದ ಜೊತೆಗಿನ ಮಜ್ಜಿಗೆ, ಚಹಾ, ಮಾತ್ರೆಯ ನೀರು ಎಲ್ಲ ಸೇರಿ. ಎಳನೀರು ವಿಷಕ್ಕೆ ಸಮಾನ, ಅದರ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಅಪ್ಪೆಹುಳಿಯ ಲೋಟವನ್ನು ಮೂಸಿ ನೋಡಿ ಪಕ್ಕದವರಿಗೆ ದಾಟಿಸುತ್ತೇನೆ. ಒರತೆಯ ಬಳಿ ಬಾಯಾರಿ ಕುಳಿತು ಸೆಕೆಂಡು ಎಣಿಸುವಾಗ ಹನಿಯ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ವೈರಾಗ್ಯದ ಮಾತೆಂದು ತಿಳಿಯಬೇಡಿ, ಬರಿಯ ಬಾಯಾರಿಕೆ.

ವೈದ್ಯರು ಬೇಡವೆಂದ ದಿನ ನಾನು ಹೋಗುವುದಿಲ್ಲ. ಹಿಮೋಗ್ಲೋಬಿನ್ ಇಳಿದ ವಾರ ಹೋಗುವುದಿಲ್ಲ. ಪೂರ್ತಿಯಾಗಿ ನಿಲ್ಲಿಸುವ ದಿನವೂ ಬರಬಹುದು. ಅಂದು ಯಾರೂ ಸಮಜಾಯಿಷಿ ಕೇಳಬಾರದು, ಸನ್ಮಾನವನ್ನೂ ಮಾಡಬಾರದು. ಪುಸ್ತಕ ಯಾರ ಕೈಗೆ ಎಂಬುದನ್ನು ಮಾತ್ರ ಈಗಲೇ ನಿಶ್ಚಯಿಸೋಣ. ನನ್ನ ಸೂಚನೆ ಮೂರನೆಯ ಸಾಲಿನಲ್ಲಿ ಕುಳಿತವಳ ಹೆಸರು, ಅವಳು ಒಪ್ಪಿದರೆ.

ಇಂದು ಭಾನುವಾರ. ನಾಡಿದ್ದು ಐದು ಮುಕ್ಕಾಲರ ಬಸ್ಸಿಗೆ ನಾವಿಬ್ಬರೂ ಆಸ್ಪತ್ರೆಗೆ ಹೊರಡುತ್ತೇವೆ. ಗುರುವಾರದ ಅಳತೆಗೆ ಮೇಲಿನ ಕೇರಿಯ ಏರು ಹತ್ತಲು ಅವನ ಜೊತೆಗೆ ಒಬ್ಬರು ಬೇಕು. ಬಕೆಟ್ಟು ಅಲ್ಲಿಯೇ ಇದೆ, ಗಡಿಯಾರವಿದ್ದವರು ಹೆಸರು ಬರೆಸಿ ಹೋಗಿ.